ಹಳೆಯ ನನಗೆ ಹೊಣೆ ಯಾರು?

(ಬೈಂದೂರು ಕಡೆಯ ಒಂದು ಹಳೆಯ ಮನೆಯ ಜಗಲಿ. ಮಾವ ನಿವೃತ್ತ ಶಾಲಾ ಮಾಸ್ತರರು, ತಾಳಮದ್ದಳೆಯ ಅರ್ಥಧಾರಿ. ಸೊಸೆ ಅವರ ತಂಗಿಯ ಮಗಳು. ಬೆಂಗಳೂರಿನಲ್ಲಿ ಕೆಲಸ, ಹೊಸದಾಗಿ ಮದುವೆಯಾದವಳು. ಮಾತು ನಡೆದದ್ದು ಕುಂದಾಪ್ರ ಕನ್ನಡದಲ್ಲಿ. ಇಲ್ಲಿ ಬರಹದ ಕನ್ನಡಕ್ಕೆ ಹತ್ತಿರ ತಂದಿದೆ, ಅಲ್ಲಲ್ಲಿ ಹಾಗೆಯೇ ಬಿಟ್ಟಿದೆ.)

ಸೊಸೆ: ಮಾವ, ಆಧಾರ್ ಕಾರ್ಡಿನಲ್ಲಿ ಗಂಡನ ಮನೆಯ ಹೆಸರು ಸೇರಿಸಿಕೋ ಅಂತ ಎಲ್ಲರೂ ಹೇಳುತ್ತಿದ್ದಾರೆ. ಸೇರಿಸಿದರೆ ನಾನು ಬೇರೆಯವಳಾಗುತ್ತೇನಾ? ಒಂದು ಅರ್ಜಿ ತುಂಬುವುದಕ್ಕೆ ಇಷ್ಟು ಯೋಚನೆ ಎಂತಕ್ಕೆ ಅಂತ ನನಗೇ ನಗು ಬರುತ್ತದೆ.

ಮಾವ: ನಗಬೇಡ ಮಾರಾಯ್ತಿ. ಅರ್ಜಿ ಸಣ್ಣದು, ಪ್ರಶ್ನೆ ದೊಡ್ಡದೇ. ಈ ಮನೆಯ ವಿಳಾಸ ತೆಗೆದುಕೋ. ನನ್ನ ಅಬ್ಬಿ, ಅಂದರೆ ನಿನ್ನ ಅಮ್ಮಮ್ಮ, ಹುಟ್ಟುವಾಗ ಇದು ಮದರಾಸು ಪ್ರಾಂತ್ಯದ ಸೌತ್ ಕೆನರಾ ಜಿಲ್ಲೆ, ಕುಂದಾಪುರ ತಾಲ್ಲೂಕು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯವಾಯಿತು, 1973ರಲ್ಲಿ ಕರ್ನಾಟಕವಾಯಿತು. 1997ರಲ್ಲಿ ಉಡುಪಿ ಜಿಲ್ಲೆ ಬಂತು. 2018ರಲ್ಲಿ ಬೈಂದೂರು ತಾಲ್ಲೂಕು ಬಂತು, ಆ ಕಡೆ ಬ್ರಹ್ಮಾವರವೂ ಆಯಿತು. ಅಬ್ಬಿ ಹುಟ್ಟಿದ್ದೂ ತೀರಿಕೊಂಡದ್ದೂ ಇದೇ ಮನೆಯಲ್ಲಿ. ವಿಳಾಸ ಮಾತ್ರ ಅವಳನ್ನು ಕೇಳದೆ ಬದಲಾಗುತ್ತ ಹೋಯಿತು.

ಸೊಸೆ: ಅದು ಸರಕಾರದವರು ಬದಲಾಯಿಸಿದ ಬೋರ್ಡು. ಅಮ್ಮಮ್ಮನೊಳಗೆ ಎಂತ ಬದಲಾಯಿತು?

ಮಾವ: ಬೋರ್ಡಿನಿಂದ ಏನೂ ಬದಲಾಗಲಿಲ್ಲ. ಬದಲಾದದ್ದು 1974ರಿಂದ ಈಚೆಗೆ. ದೇವರಾಜ ಅರಸರ ಭೂಸುಧಾರಣೆಯ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದ ಒಕ್ಕಲು ಏಳನೇ ನಂಬರಿನ ಫಾರಂ ತುಂಬಿ ಡಿಕ್ಲರೇಶನ್ ಕೊಟ್ಟರು, ಟ್ರಿಬ್ಯುನಲ್ಲಿನಲ್ಲಿ ವಿಚಾರಣೆ ಆಯಿತು, ಗದ್ದೆ ಅವರ ಹೆಸರಿಗೆ ಬಂತು. ನಮ್ಮ ಅಂಗಳಕ್ಕೆ ಬರುತ್ತಿದ್ದ ಗೇಣಿಯ ಅಕ್ಕಿ ಮುಡಿಗಳು ನಿಂತುಹೋದವು. ಅಲ್ಲಿಯವರೆಗೆ ಅಬ್ಬಿ ಮನೆಯ ಯಜಮಾನ್ತಿ, ಜಗಲಿಯಲ್ಲಿ ಕೂತು ಲೆಕ್ಕ ಹಿಡಿಯುವವಳು. ಉಳಿದ ಎರಡು ಗದ್ದೆಗೆ ಆಳು ಹಾಕುವಷ್ಟು ಕೈಯಲ್ಲಿ ಇರಲಿಲ್ಲ. ಸೀರೆ ಎತ್ತಿಕಟ್ಟಿ ನಟ್ಟಿಗೆ ಇಳಿದಳು.

ಸೊಸೆ: ಅಮ್ಮಮ್ಮ ಗದ್ದೆಗೆ ಇಳಿದ ಕಥೆ ನನಗೆ ಅಮ್ಮ ಬೇರೆ ರೀತಿ ಹೇಳಿದ್ದಾಳೆ. ಅವಳಿಗೆ ಗದ್ದೆ ಅಂದರೆ ಪ್ರೀತಿ ಅಂತ.

ಮಾವ: ಪ್ರೀತಿ ಆಮೇಲೆ ಬಂತು. ಮೊದಲ ವರ್ಷ ಬಂದದ್ದು ಸಿಟ್ಟು. ಎರಡನ್ನೂ ನಾನು ಕಂಡಿದ್ದೇನೆ. ಇನ್ನೊಂದು ಬದಿಯನ್ನೂ ಕಂಡಿದ್ದೇನೆ. ಪಟ್ಟೆ ಕೈಗೆ ಬಂದ ಮೇಲೂ ನಮ್ಮ ಒಕ್ಕಲಿನ ಹಿರಿಯ ಅಂಗಳದಲ್ಲೇ ನಿಂತು ಮಾತಾಡುತ್ತಿದ್ದ. ಕೂತುಕೋ ಅಂದರೆ 'ಅಡ್ಡಿಲ್ಲ' ಅನ್ನುತ್ತಿದ್ದ, ಕೂರುತ್ತಿರಲಿಲ್ಲ. ಅವನ ಮಗ ಮೆಟ್ಟಿಲಲ್ಲಿ ಕೂತ. ಮೊಮ್ಮಗ ಬಂದು ಈಗ ನೀನು ಕೂತ ಕುರ್ಚಿಯಲ್ಲೇ ಕೂತು ಚಾ ಕುಡಿದು ಹೋಗುತ್ತಾನೆ. ಕಾನೂನು ಒಂದು ದಿನದಲ್ಲಿ ಜಾರಿಗೆ ಬಂದರೂ ಮನುಷ್ಯನಿಗೆ ತಾನು ಯಾರು ಅನ್ನುವ ತಿಳಿವಳಿಕೆ ಬದಲಾಗಲಿಕ್ಕೆ ಮೂರು ತಲೆಮಾರು ಹಿಡಿಯಿತು.

ಸೊಸೆ: ಹಾಂಗಾರೆ ನಾನು ಯಾರು ಅನ್ನುವುದನ್ನು ಗದ್ದೆ, ಗೇಣಿ, ಕುರ್ಚಿ ಇವೇ ನಿರ್ಧಾರ ಮಾಡುವುದಾ?

ಮಾವ: ಅರ್ಧ ಹೌದು. ಇನ್ನರ್ಧ ಹುಟ್ಟಿನಿಂದ ಬಂದದ್ದು, ಅದನ್ನು ನಮ್ಮವರು ಬಳಿ ಅಂತ ಕರೆದರು. ನಾವು ಅಳಿಯಸಂತಾನದವರು, ಬಳಿ ತಾಯಿಯಿಂದ ಬರುತ್ತದೆ. ನೀನು ಯಾರನ್ನು ಮದುವೆಯಾದರೂ ನಿನ್ನ ಬಳಿ ಬದಲಾಗುವುದಿಲ್ಲ, ನಿನ್ನ ಮಕ್ಕಳಿಗೂ ಅದೇ. ಇಲ್ಲಿಂದ ತೆಂಕಕ್ಕೆ ಕೋಟ, ಸಾಲಿಗ್ರಾಮಕ್ಕೆ ಹೋಗು. ಅಲ್ಲಿಯ ಬ್ರಾಹ್ಮಣರ ಮನೆಯಲ್ಲಿ ಹೆಣ್ಣು ಧಾರೆಯಾದ ಕೂಡಲೇ ಗಂಡನ ಗೋತ್ರಕ್ಕೆ ಸೇರುತ್ತಾಳೆ. ಒಂದೇ ಸೀಮೆ, ಒಂದೇ ಭಾಷೆ, ಒಂದೇ ಮೇಳದ ಆಟ ನೋಡುವ ಜನ. ಮದುವೆಯಿಂದ ಹೆಣ್ಣಿನ ಗುರುತು ಬದಲಾಗುತ್ತದಾ ಅಂದರೆ ಒಂದು ಮನೆ ಹೌದು ಅನ್ನುತ್ತದೆ, ಪಕ್ಕದ ಮನೆ ಇಲ್ಲ ಅನ್ನುತ್ತದೆ.

ಸೊಸೆ: ಆದರೆ ಆ ಬಳಿಯಿಂದ ಅಮ್ಮಮ್ಮನಿಗೆ ಸಿಕ್ಕಿದ್ದೆಷ್ಟು? ಹೆಸರಿಗೆ ಹೆಣ್ಣಿನ ಸಂತಾನ. ಆಡಳಿತ ನಡೆಸಿದ್ದು ಹೆಚ್ಚಾಗಿ ಅಣ್ಣ, ಮಾವಂದಿರೇ ಅಲ್ದಾ?

ಮಾವ: ಹೌದು, ಒಪ್ಪುತ್ತೇನೆ. ಅದೂ ಹಾಗೇ ಉಳಿಯಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇನ್ನಷ್ಟು ಬದಲಾಯಿಸಿತು. ಈಗ ಬಳಿ ಕೇಳುವುದು ಸಂಬಂಧ ಕೂಡಿಸುವಾಗ ಮಾತ್ರ. ಹುಟ್ಟಿನಿಂದ ಬಂದದ್ದು ಬದಲಾಗದೆ ಉಳಿದರೂ ಅದರ ಬೆಲೆ ಬದಲಾಗುತ್ತದೆ.

ಸೊಸೆ: ಹೆಸರಿನ ಮಾತಿಗೆ ಬರುವ. ನಾನು ಸೇರಿಸಬೇಕೋ ಬೇಡವೋ?

ಮಾವ: ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿದ ಜಾನಕಿ ಅನ್ನುವವರು 'ಸುಧಾ' ಪತ್ರಿಕೆಗೆ ಒಂದು ಕಥೆ ಕಳಿಸಿದರು. ಕಥೆ ನಿಜ ಜೀವನಕ್ಕೆ ತೀರ ಹತ್ತಿರವಿತ್ತು, ಆಮೇಲೆ ಅಳುಕಾಗಿ ಪ್ರಕಟಿಸಬೇಡಿ ಅಂತ ಬರೆದರು. ಸಂಪಾದಕರು ಕಥೆಯನ್ನು ಬಿಡಲಿಲ್ಲ, ಹೆಸರು ಬದಲಾಯಿಸಿ ಅಚ್ಚು ಹಾಕಿದರು. ಹಾಗೆ ಹುಟ್ಟಿದವರು ವೈದೇಹಿ. ಇನ್ನೊಬ್ಬರು ಇಟ್ಟ ಹೆಸರು. ಅದನ್ನು ಬರೆದು ಬರೆದು ತಮ್ಮದಾಗಿಸಿಕೊಂಡರು. 2009ರಲ್ಲಿ 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಆ ಹೆಸರಿಗೇ. ಹೆಸರಿನಿಂದ ನೀನು ಬೇರೆಯವಳಾಗುವುದಿಲ್ಲ. ಇಷ್ಟವಿದ್ದರೆ ಸೇರಿಸು, ಇಲ್ಲದಿದ್ದರೆ ಬಿಡು. ಒತ್ತಾಯಕ್ಕೆ ಮಾತ್ರ ಸೇರಿಸಬೇಡ. ಆ ವಿಷಯ ಇಲ್ಲಿಗೆ ಮುಗಿಯಿತು.

ಸೊಸೆ: ಮುಗಿಯಲಿಲ್ಲ. ನನಗೆ ಹೆಸರಿಗಿಂತ ಹೆಚ್ಚು ಕಾಡುವುದು ಬೇರೆ. ಬೆಂಗಳೂರಿನಲ್ಲಿ ನಾನು ಎರಡು ಕನ್ನಡ ಮಾತಾಡುತ್ತೇನೆ. ಆಫೀಸಿನಲ್ಲಿ ಒಂದು, ಅಮ್ಮನ ಫೋನು ಬಂದರೆ ಇನ್ನೊಂದು. ಒಮ್ಮೆ ಮರೆತು 'ಹೋಪುದಾ' ಅಂದೆ, ಪಕ್ಕದವಳು 'ನೀನು ಮಂಗಳೂರಿನವಳಾ' ಅಂದಳು. ಹೌದು ಅಂದುಬಿಟ್ಟೆ. ಕುಂದಾಪ್ರ ಅಂತ ವಿವರಿಸುವುದಕ್ಕೆ ಬೇಜಾರು. ಈಗ ಆಸಾಡಿ ಅಮಾಸಿಗೆ ವಿಶ್ವ ಕುಂದಾಪ್ರ ಕನ್ನಡ ದಿನ ಅಂತ ಎಲ್ಲರೂ ಸ್ಟೇಟಸ್ ಹಾಕುತ್ತಾರೆ, ನಾನೂ ಹಾಕುತ್ತೇನೆ. ಮರುದಿನ ಮತ್ತೆ ಆಫೀಸಿನ ಕನ್ನಡ. ಇದರಲ್ಲಿ ನಾನು ಯಾವುದು, ವೇಷ ಯಾವುದು?

ಮಾವ: ವೇಷ ಅಂದರೆ ಸುಳ್ಳು ಅಂತ ನಿನಗೆ ಯಾರು ಹೇಳಿದರು? ಬಡಗುತಿಟ್ಟಿನ ಮೇಳಕ್ಕೆ ಸೇರಿದ ಹುಡುಗನನ್ನು ನೋಡು. ಮೊದಲು ಕೋಡಂಗಿ, ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗ ಕುಣಿದು ಹೋಗುವವನು. ಆಮೇಲೆ ಬಾಲಗೋಪಾಲ. ಮುಖ, ಮೈಕಟ್ಟು ಹೊಂದಿದರೆ ಪೀಠಿಕೆ ಸ್ತ್ರೀವೇಷ. ಗಂಟಲು ಬಲಿತ ಮೇಲೆ ಪುರುಷವೇಷ. ಯೋಗ್ಯತೆ, ಯೋಗ ಎರಡೂ ಇದ್ದರೆ ಮೇಳದ ಪ್ರಧಾನವಾದ ಎರಡನೇ ವೇಷ. ಹಾರಾಡಿ, ಮಟಪಾಡಿ ಅಂತ ನಮ್ಮ ಬ್ರಹ್ಮಾವರದ ಸುತ್ತಿನ ಊರುಗಳ ಹೆಸರಿನಲ್ಲಿ ಶೈಲಿಗಳೇ ಇವೆ. ಅಲ್ಲಿಯ ದೊಡ್ಡ ವೇಷಧಾರಿಗಳೂ ಹೆಜ್ಜೆ ಕಲಿತದ್ದು ಈ ಮೆಟ್ಟಿಲುಗಳ ಮೇಲೇ. ಎರಡನೇ ವೇಷಕ್ಕೆ ಏರಿದವನು ಕೋಡಂಗಿಯಾಗಿದ್ದಾಗ ಕಲಿತ ತಾಳವನ್ನು ಬಿಸಾಡುವುದಿಲ್ಲ. ಇವತ್ತಿನ ಕುಣಿತ ನಿಂತದ್ದೇ ಆ ತಾಳದ ಮೇಲೆ.

ಸೊಸೆ: ಅದು ರಂಗಸ್ಥಳ. ಬೆಳಿಗ್ಗೆ ಬಣ್ಣ ತೆಗೆದು ಮನೆಗೆ ಹೋಗುತ್ತಾನೆ. ನನಗೆ ಬಣ್ಣ ತೆಗೆಯುವ ಚೌಕಿ ಎಲ್ಲಿದೆ?

ಮಾವ: ಬಣ್ಣ ತೆಗೆದರೆ ಒಳಗೆ ಎಂದೂ ಬದಲಾಗದ ಒಬ್ಬ ಕೂತಿರುತ್ತಾನೆ ಅಂದುಕೊಂಡಿದ್ದೀಯಾ? ವರ್ಷಾನುಗಟ್ಟಲೆ ಸ್ತ್ರೀವೇಷ ಮಾಡಿದವರ ಕೈಯ ಬಳುಕು ಮನೆಯಲ್ಲಿ ಚಾ ಲೋಟ ಹಿಡಿಯುವಾಗಲೂ ಇರುತ್ತದೆ. ಆಡಿದ ಪಾತ್ರ ಆಡಿದವನನ್ನೂ ಮಾಡುತ್ತದೆ. ನಿನ್ನ ಆಫೀಸಿನ ಕನ್ನಡವೂ ನಿನ್ನದೇ, ಅಮ್ಮನ ಹತ್ತಿರ ಆಡುವುದೂ ನಿನ್ನದೇ. ಒಂದನ್ನು ಆಡುವಾಗ ಇನ್ನೊಂದಕ್ಕೆ ನಾಚಿದರೆ ಮಾತ್ರ ಕಷ್ಟ.

ಸೊಸೆ: ಹಾಂಗಾರೆ ಎಲ್ಲ ಪಾತ್ರಗಳನ್ನೂ ಒಟ್ಟಿಗೆ ಹಿಡಿಯುವುದು ಯಾವುದು? ನೆನಪಾ? ಜಾನ್ ಲಾಕ್ ಅನ್ನುವ ಇಂಗ್ಲಿಷ್ ತತ್ತ್ವಜ್ಞಾನಿ ಹದಿನೇಳನೆಯ ಶತಮಾನದಲ್ಲೇ ಹೇಳಿದ, ನಿನ್ನೆ ಮಾಡಿದ್ದು ನಾನೇ ಎಂಬ ಅರಿವು ಎಲ್ಲಿಯವರೆಗೆ ಹಿಂದಕ್ಕೆ ಚಾಚುತ್ತದೋ ಅಲ್ಲಿಯವರೆಗೆ ನಾನು ಒಬ್ಬನೇ ಅಂತ.

ಮಾವ: ಲಾಕ್ ನನ್ನ ಅಬ್ಬಿಯನ್ನು ಕಾಣಲಿಲ್ಲ. ಕೊನೆಯ ವರ್ಷಗಳಲ್ಲಿ ಅವಳಿಗೆ ಅರಳುಮರಳು. ನನ್ನನ್ನು ತನ್ನ ತಮ್ಮ ಅಂದುಕೊಂಡು ಮಾತಾಡಿಸುತ್ತಿದ್ದಳು. 1974 ಆದದ್ದೇ ನೆನಪಿಲ್ಲ, ಗೇಣಿ ಯಾಕೆ ಬರಲಿಲ್ಲ ಅಂತ ಕೇಳುವಳು. ನೆನಪೇ ಮನುಷ್ಯ ಅಂದರೆ ಆಗ ಆ ಮಂಚದಲ್ಲಿ ಮಲಗಿದವಳು ಯಾರು? ಮನೆಗೆಲಸಕ್ಕೆ ಬರುತ್ತಿದ್ದವಳ ಮಗಳ ಮದುವೆಗೆ ಒಂದು ಜೊತೆ ಬೆಂಡೋಲೆ ಕೊಡುತ್ತೇನೆ ಅಂತ ಅಬ್ಬಿ ನೆಟ್ಟಗಿದ್ದಾಗ ಹೇಳಿದ್ದಳು. ಮದುವೆ ಬಂದಾಗ ಅಬ್ಬಿಗೆ ಕೊಟ್ಟ ಮಾತೂ ಮರೆತಿತ್ತು, ಆ ಹುಡುಗಿ ಯಾರು ಅನ್ನುವುದೂ ಮರೆತಿತ್ತು. ನಿನ್ನ ಅಮ್ಮ ಮಾಡಿಸಿ ಕೊಟ್ಟಳು. ಕೊಡುವಾಗ 'ಅಬ್ಬಿ ಕೊಟ್ಟದ್ದು' ಅಂದಳು. ಅದು ಸುಳ್ಳಲ್ಲ.

ಸೊಸೆ: ಅಂದರೆ ನಾನು ಯಾರು ಅನ್ನುವುದರ ಒಂದು ಪಾಲು ಇನ್ನೊಬ್ಬರ ಕೈಯಲ್ಲೂ ಇರುತ್ತದೆ ಅಂತೀರಿ.

ಮಾವ: ಹೌದು. ನಾನು ಹೇಳುವುದು ಇಷ್ಟೇ. ನಿನ್ನೆಯ ನಾನು, ಇಂದಿನ ನಾನು ಒಬ್ಬನೇ ಅನ್ನುವುದಕ್ಕೆ ಮುಖ ಸಾಕ್ಷಿಯಾಗುವುದಿಲ್ಲ, ಹೆಸರು ಆಗುವುದಿಲ್ಲ, ನೆನಪೂ ಪೂರ್ತಿ ಆಗುವುದಿಲ್ಲ. ನಿನ್ನೆ ಮಾಡಿದ್ದಕ್ಕೆ ಇಂದು ಹೊಣೆ ಹೊರುತ್ತೇನೋ ಇಲ್ಲವೋ, ಅದೇ ಸಾಕ್ಷಿ. ನನಗೆ ಹೊರುವ ಶಕ್ತಿ ಇಲ್ಲದಾದಾಗ ನನ್ನವರು ಹೊರುತ್ತಾರೆ.

ಸೊಸೆ: ಅರ್ಥಧಾರಿಗಳು ತಪ್ಪಿಸಿಕೊಳ್ಳುವಂತಿಲ್ಲ, ಒಂದು ಪ್ರಶ್ನೆ. 'ಕರ್ಣಭೇದನ' ಪ್ರಸಂಗದಲ್ಲಿ ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುತ್ತಾನೆ. ನೀನು ಸೂತನ ಮಗನಲ್ಲ, ಕುಂತಿಯ ಹಿರಿಯ ಮಗ. ಬಾ, ಸಿಂಹಾಸನ ನಿನ್ನದು ಅನ್ನುತ್ತಾನೆ. ಕರ್ಣ ಹೋಗುವುದಿಲ್ಲ. ದುರ್ಯೋಧನನ ಋಣ ಅನ್ನುತ್ತಾನೆ. ನಿಮ್ಮ ಲೆಕ್ಕದಲ್ಲಿ ಅವನು ಹಳೆಯದಕ್ಕೆ ಹೊಣೆ ಹೊತ್ತವನು. ಆದರೆ ನಿಂತದ್ದು ಎಲ್ಲಿ? ದ್ರೌಪದಿಯ ಸೀರೆ ಎಳೆಸಿದವರ ಪಕ್ಕದಲ್ಲಿ. ಹಳೆಯದಕ್ಕೆ ಹೊಣೆ ಅಂತ ಹೊರಟರೆ ಮನುಷ್ಯ ಹಳೆಯದಕ್ಕೆ ಆಳಾಗುವುದಿಲ್ಲವಾ?

ಮಾವ: (ನಕ್ಕು) ನನ್ನ ಎದುರು ಕೃಷ್ಣನ ಅರ್ಥ ಹೇಳುವವರೂ ಇಷ್ಟು ಸಿಕ್ಕಿಸಿದ್ದಿಲ್ಲ. ನಾನು ಕರ್ಣನಾಗಿ ಕೂತಾಗ ಋಣದ ಮಾತಿಗೆ ಸಭೆ ಚಪ್ಪಾಳೆ ತಟ್ಟುತ್ತದೆ. ಮನೆಗೆ ಬಂದು ಯೋಚಿಸಿದರೆ ನಿನ್ನ ಮಾತೇ ಸರಿ ಕಾಣುತ್ತದೆ. ಕರ್ಣ ಹುಟ್ಟು ತಿಳಿದ ಕೂಡಲೇ ಪಕ್ಷ ಬದಲಾಯಿಸದೆ ಇದ್ದದ್ದು ದೊಡ್ಡದು. ಸಿಂಹಾಸನದ ಆಸೆಗೆ ತಾನು ಯಾರೆಂಬುದನ್ನು ಮಾರಿಕೊಳ್ಳಲಿಲ್ಲ. ಆದರೆ ಋಣ ತೀರಿಸುವುದಕ್ಕೆ ಒಂದೇ ದಾರಿ ಅಂದುಕೊಂಡ. ಸ್ನೇಹಿತನಿಗೆ 'ನೀನು ಮಾಡುವುದು ತಪ್ಪು, ಇನ್ನು ನಾನು ಬರುವುದಿಲ್ಲ' ಅನ್ನುವುದೂ ಋಣ ತೀರಿಸುವ ದಾರಿಯೇ. ಹಳೆಯದಕ್ಕೆ ಉತ್ತರ ಹೇಳುವುದು ಬೇರೆ, ಹಳೆಯದನ್ನೇ ಮತ್ತೆ ಮಾಡುವುದು ಬೇರೆ.

ಸೊಸೆ: ಹಾಗೆ ಉತ್ತರ ಹೇಳಿದವರು ಯಾರಿದ್ದಾರೆ? ಪುರಾಣ ಬಿಟ್ಟು ಹೇಳಿ.

ಮಾವ: ಕೋಟದ ಶಿವರಾಮ ಕಾರಂತರು. ಹುಟ್ಟಿದ್ದು 1902ರಲ್ಲಿ. ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟರು, ಖಾದಿ ಪ್ರಚಾರ ಮಾಡಿದರು. ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಮೂಕಿ ಚಿತ್ರ ತೆಗೆದರು. ಅಧ್ಯಾತ್ಮವನ್ನು ಹುಡುಕಿ ಹೊರಟು, ಅದು ತನಗಲ್ಲ ಅಂತ ಕಂಡುಕೊಂಡು ವಾಪಸು ಬಂದರು. 1936ರಲ್ಲಿ ಜಾತಿ ಮೀರಿ ನಮ್ಮ ಬಂಟರ ಮನೆಯ ಲೀಲಾ ಆಳ್ವರನ್ನು ಮದುವೆಯಾದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಕುಣಿದರು, ಒಬ್ಬರೇ ಕೂತು ವಿಜ್ಞಾನದ ವಿಶ್ವಕೋಶ ಬರೆದರು. ಕೊನೆಗೆ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. ಇಷ್ಟು ತಿರುವು ತೆಗೆದುಕೊಂಡವರು ಬೇರೆ ಯಾರೋ ಆಗಿದ್ದರೆ ಚಂಚಲ ಅನ್ನುತ್ತಿದ್ದೆವು.

ಸೊಸೆ: ಅವರ ಆತ್ಮಕಥೆಯ ಹೆಸರೇ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಅಲ್ದಾ?

ಮಾವ: ಅದೇ. ಮೊದಲು ಬಂದದ್ದು 1948ರಲ್ಲಿ, ಅವರಿಗಿನ್ನೂ ನಲವತ್ತರ ಹರೆಯ. ಜನ ಆತ್ಮಕಥೆ ಬರೆಯುವುದು ತಾವು ಮೊದಲಿನಿಂದಲೂ ಒಂದೇ ರೀತಿ ಇದ್ದೆವು ಅಂತ ತೋರಿಸಲಿಕ್ಕೆ. ಇವರು ತಾನು ಎಲ್ಲೆಲ್ಲಿ ತಿರುಗಿದೆ, ಯಾವುದನ್ನು ನಂಬಿ ಯಾವುದನ್ನು ಬಿಟ್ಟೆ ಅಂತ ಊರಿಗೆಲ್ಲ ಹೇಳಿದರು. ಯಕ್ಷಗಾನದ್ದು ನೋಡು. ಆ ಕಲೆಯ ಪರಂಪರೆಯನ್ನು ಶೋಧಿಸಿ ಬರೆದ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಯಕ್ಷಗಾನಕ್ಕೆ ವಯಲಿನ್, ಸ್ಯಾಕ್ಸೊಫೋನ್ ತಂದು, ಮಾತು ಕಡಿಮೆ ಮಾಡಿ ಬ್ಯಾಲೆ ಮಾಡಿದವರೂ ಅವರೇ. ನಮ್ಮ ಅರ್ಥಧಾರಿಗಳಿಗೆ ಕೋಪ ಬಂತು, ನನಗೂ ಬಂತು. ಅವರು ಎರಡಕ್ಕೂ ತಾವೇ ಸಹಿ ಹಾಕಿದರು, ಬೈಗುಳಕ್ಕೂ ತಾವೇ ಉತ್ತರ ಕೊಟ್ಟರು. ಸರಕಾರ ಕೊಟ್ಟ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ ಹಿಂದಿರುಗಿಸಿದರು. ಕರ್ಣನಿಗೆ ಆಗದ್ದು ಅದು. ಉಪಕಾರ ಪಡೆದದ್ದನ್ನು ಅಲ್ಲಗಳೆಯದೆ, ಕೊಟ್ಟವರ ತಪ್ಪಿಗೆ ಪಾಲುದಾರನಾಗುವುದಿಲ್ಲ ಅನ್ನುವುದು. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆ ಎತ್ತಿಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಅದು ಆ ವಯಸ್ಸಿನ ಹೊಸ ಮುಖ.

ಸೊಸೆ: ಕಾರಂತರದು ದೊಡ್ಡ ಜೀವ. ಗೋಪಾಲಕೃಷ್ಣ ಅಡಿಗರ ಬಗ್ಗೆಯೂ ಹೀಗೆ ಹೇಳುತ್ತೀರಾ? ಅವರು ತಮ್ಮದೇ ಕಾವ್ಯದ ಮೇಲೆ ತಿರುಗಿ ಬಿದ್ದವರು.

ಮಾವ: ನಮ್ಮ ಬೈಂದೂರಿನ ಮೊಗೇರಿಯವರು. 1946ರ 'ಭಾವತರಂಗ'ದಲ್ಲಿ ಅವರೂ ನವೋದಯದವರ ಹಾಗೆ ಹಾಡಿದರು. ಆಮೇಲೆ ಆ ಧಾಟಿ ತನಗೆ ಸಾಲದು ಅನ್ನಿಸಿತು. 1954ರಲ್ಲಿ ಬಂದ ಸಂಕಲನ ಕನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿತು. ಅಷ್ಟು ಹೊಸದಾದ ಪುಸ್ತಕಕ್ಕೆ ಅವರಿಟ್ಟ ಹೆಸರು 'ಚಂಡೆ ಮದ್ದಳೆ'. ಊರಿನ ಆಟದ ಬಯಲಿನಲ್ಲಿ ಕೇಳಿದ ವಾದ್ಯ. ಎಲ್ಲರಿಗಿಂತ ಮುಂದೆ ಹೋದಾಗಲೂ ಹುಟ್ಟೂರಿನ ತಾಳ ಕೈಯಲ್ಲೇ ಇತ್ತು. ಹಳೆಯ ಸಂಕಲನವನ್ನೂ ತನ್ನದಲ್ಲ ಅನ್ನಲಿಲ್ಲ.

ಸೊಸೆ: ಇವರೆಲ್ಲ ಬರೆಯಬಲ್ಲವರು. ಬರೆಯದವರು ಗುಂಪಾಗಿ ಬದಲಾದರೆ?

ಮಾವ: ಬ್ರಹ್ಮಾವರದ ಸಿರಿಯನ್ ಇಗರ್ಜಿ ನೋಡಿದ್ದೀಯಲ್ಲ? ಅದು ಕೊಂಕಣಿ ಮಾತಾಡುವವರ ಇಗರ್ಜಿ. 1886ರಲ್ಲಿ ಪೋರ್ಚುಗಲ್ ಮತ್ತು ಪೋಪರ ನಡುವೆ ಒಪ್ಪಂದವಾಯಿತು, ಬ್ರಿಟಿಷ್ ಸೀಮೆಯ ಹಲವು ಚರ್ಚುಗಳ ಮೇಲಿನ ಗೋವಾದ ಅಧಿಕಾರ ಹೋಯಿತು. ಅದನ್ನು ಒಪ್ಪದ ಗೋವಾದ ಪಾದ್ರಿ ಆಲ್ವಾರಿಸರು 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಆರ್ಥೊಡಾಕ್ಸ್ ಬಿಷಪರಾದರು. ಬ್ರಹ್ಮಾವರದ ಒಂದಷ್ಟು ಕುಟುಂಬಗಳು ಅವರ ಜೊತೆ ಹೋದವು. ರೋಮಿನ ಪಂಥ ಬಿಟ್ಟರು, ಸಿರಿಯನ್ ಪೂಜಾವಿಧಿ ಹಿಡಿದರು, ಮನೆಯ ಕೊಂಕಣಿ ಬಿಡಲಿಲ್ಲ. ನೂರಮೂವತ್ತಕ್ಕೂ ಹೆಚ್ಚು ವರ್ಷವಾಯಿತು. ಅವರು ಯಾಕೆ ಬದಲಾದರು ಅನ್ನುವುದನ್ನು ಮುಚ್ಚಿಟ್ಟಿಲ್ಲ. ಅದೇ ಅವರ ಚರಿತ್ರೆ.

ಸೊಸೆ: ನೀವು ಹೇಳಿದವರೆಲ್ಲ ತಾವಾಗಿ ಬದಲಾದವರು. ನಮ್ಮ ಒಕ್ಕಲಿನ ಹಿರಿಯ, ಅಮ್ಮಮ್ಮ, ಇವರನ್ನು ಕಾಲ ಬದಲಾಯಿಸಿತು. ಹನ್ನೆರಡನೇ ವರ್ಷಕ್ಕೆ ಬೊಂಬಾಯಿಯ ಹೋಟೆಲಿಗೆ ಲೋಟ ತೊಳೆಯಲಿಕ್ಕೆ ಹೋದ ಹುಡುಗರಿದ್ದಾರೆ. ಅವರಿಗೆ ಹೊಣೆ ಕೇಳುವುದು ನ್ಯಾಯವಾ?

ಮಾವ: ಇಲ್ಲ. ತಾನು ಆರಿಸದ ಬದಲಾವಣೆಗೆ ಯಾರೂ ಲೆಕ್ಕ ಕೊಡಬೇಕಾಗಿಲ್ಲ. ಲೆಕ್ಕ ಕೊಡಬೇಕಾದದ್ದು ಬದಲಾದ ಮೇಲೆ ಮಾಡಿದ್ದಕ್ಕೆ. ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ಊರಿನಿಂದ ಬಂದ ಹೊಸ ಹುಡುಗನನ್ನು ಹೇಗೆ ನಡೆಸಿಕೊಂಡ ಅನ್ನುವುದರಲ್ಲಿ ಅವನು ಯಾರು ಅಂತ ತಿಳಿಯುತ್ತದೆ. ತಾನು ಪಟ್ಟ ಪಾಡು ನೆನಪಿಟ್ಟು ಶಾಲೆಗೆ ಕಳಿಸಿದವನಿದ್ದಾನೆ. ಅದೇ 'ನಾನೂ ಪಟ್ಟಿದ್ದೇನೆ, ನೀನೂ ಪಡು' ಅಂದವನೂ ಇದ್ದಾನೆ. ಇಬ್ಬರ ಜೀವನಚರಿತ್ರೆ ಒಂದೇ, ಮನುಷ್ಯರು ಬೇರೆ.

ಸೊಸೆ: ನಮ್ಮ ಮನೆಯ ಲೆಕ್ಕವೂ ಇದೆಯಲ್ಲ ಮಾವ. ಒಕ್ಕಲಿನವರಿಂದ ಮುಡಿ ತಪ್ಪದೆ ಅಳೆಸಿಕೊಂಡ ವರ್ಷಗಳು. ಮಳೆ ಕೈಕೊಟ್ಟ ವರ್ಷವೂ ಬಿಟ್ಟಿರಲಿಕ್ಕಿಲ್ಲ.

ಮಾವ: ಬಿಡಲಿಲ್ಲ. ಜಮೀನು ಹೋಯಿತು ಅಂತ ನಮ್ಮವರು ಅರ್ಧ ಶತಮಾನ ಗೋಳು ಹೇಳಿದ್ದೇವೆ. ಅದಕ್ಕೆ ಮುಂಚಿನದನ್ನು ಹೇಳುವವರು ಕಡಿಮೆ. ಆ ಮೊಮ್ಮಗ ಈ ಕುರ್ಚಿಯಲ್ಲಿ ಕೂತಾಗ ನಾನು ಹೇಳಿದ್ದೇನೆ. ಅವನು ಕೇಳಿಸಿಕೊಂಡ, ಏನೂ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಹೇಳಬೇಕಾದವನು ನಾನು.

ಸೊಸೆ: ಹಾಂಗಾರೆ ಊರಿಗೆ ಬಂದಾಗಲೆಲ್ಲ ಜನ 'ನೀ ಮೊದಲಿನ ಹಾಂಗೆ ಇಲ್ಲ' ಅಂತ ನನಗೆ ಹೇಳುತ್ತಾರಲ್ಲ, ಅದಕ್ಕೆ ಎಂತ ಹೇಳಲಿ?

ಮಾವ: ಇಲ್ಲ ಅನ್ನು. ಮೊದಲಿನ ಹಾಗೆ ಯಾರಿದ್ದಾರೆ? ಹೇಳಿದವರೂ ಇಲ್ಲ. ಊರು ಬಿಟ್ಟು ಹೋದವರು ಹೋದ ದಿನ ಇದ್ದ ಹಾಗೆಯೇ ವಾಪಸು ಬರಬೇಕು ಅನ್ನುವ ಹಟವನ್ನು ನಮ್ಮ ಕಡೆಯ ಹಿರಿಯರು ಬಿಡಬೇಕು. ಮಾತಿನ ಧಾಟಿ, ಉಡುಪು, ಹೆಸರು, ನಂಬಿಕೆ ಬದಲಾದದ್ದಕ್ಕೆ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ ವಿಚಾರಣೆ ಮಾಡಬಾರದು. ಕೇಳುವುದಿದ್ದರೆ ಒಂದೇ ಕೇಳಬೇಕು: ಹಿಂದೆ ಕೊಟ್ಟ ಮಾತು, ಮಾಡಿದ ತಪ್ಪು, ಪಡೆದ ಉಪಕಾರ ಇವು ನಿನ್ನವೇ ಅಂತ ಈಗಲೂ ಒಪ್ಪುತ್ತೀಯಾ? ಒಪ್ಪಿದವರು ಎಷ್ಟು ಬದಲಾದರೂ ನಮ್ಮವರೇ. ಅದನ್ನು ಕೇಳುವ ಮೊದಲು ನಾವೂ ಅದಕ್ಕೆ ಉತ್ತರ ಹೇಳಿರಬೇಕು.